ಮನೆಯಲ್ಲೇ ಕಪ್ಪು-ಬಿಳುಪು ಫಿಲ್ಮ್ ತೊಳೆಯುವುದು: ನಮ್ಮ ಕಡೆಯ ನೀರು, ಬಿಸಿಲಿಗೆ ಹೊಂದುವ ವಿಧಾನ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. ಅಪ್ಪನ ಅಥವಾ ಕಾಕಾನ ಹಳೆಯ ಕ್ಯಾಮೆರಾ ಸಿಕ್ಕಿದೆ, ಕಪ್ಪು-ಬಿಳುಪು ರೋಲ್ ತರಿಸಿ ತೆಗೆದದ್ದೂ ಆಗಿದೆ, ಈಗ ತೊಳೆಸುವುದು ಎಲ್ಲಿ? ಊರಿನ ಸ್ಟುಡಿಯೋಗಳೆಲ್ಲ ಡಿಜಿಟಲ್ ಆಗಿವೆ. ಬೆಂಗಳೂರಿಗೋ ಮುಂಬೈಗೋ ಕೊರಿಯರ್ ಮಾಡಿದರೆ ಖರ್ಚೂ ಜಾಸ್ತಿ, ಕಾಯುವುದೂ ಜಾಸ್ತಿ.

ಮನೆಯಲ್ಲೇ ತೊಳೆಯಿರಿ. ಅದಕ್ಕೆ ಡಾರ್ಕ್‌ರೂಮ್ ಬೇಕಲ್ವಾ ಅಂತ ಕೇಳುತ್ತೀರಿ. ಬೇಡ. ಪೂರ್ತಿ ಕತ್ತಲು ಬೇಕಾಗುವುದು ಫಿಲ್ಮನ್ನು ಡಬ್ಬಿಯಿಂದ ತೆಗೆದು, ಬೆಳಕು ಒಳಗೆ ಹೋಗದ ಟ್ಯಾಂಕಿಗೆ ಹಾಕುವ ಕೆಲವು ನಿಮಿಷ ಮಾತ್ರ. ಆಮೇಲಿನದೆಲ್ಲ ಟ್ಯೂಬ್‌ಲೈಟಿನ ಬೆಳಕಿನಲ್ಲೇ ನಡೆಯುತ್ತದೆ. ನಮ್ಮ ಕಡೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ನೀರಿನ ಬಗ್ಗೆ. ಎಷ್ಟು ಬಿಸಿ ಇದೆ, ಎಷ್ಟು ಸವಳು ಇದೆ, ಇವತ್ತು ನಲ್ಲಿ ಬರುತ್ತದೋ ಇಲ್ಲವೋ. ಪೆಟ್ಟಿಗೆಯ ಮೇಲಿನ ಸೂಚನೆಗಳೆಲ್ಲ ಇಪ್ಪತ್ತು ಡಿಗ್ರಿಯ ತಣ್ಣನೆಯ ನೀರು ನಲ್ಲಿಯಲ್ಲಿ ಸದಾ ಹರಿಯುವ ಊರುಗಳಿಗೆ ಬರೆದವು. ಅದನ್ನು ನಮ್ಮ ಮನೆಗೆ ಹೊಂದಿಸಿಕೊಳ್ಳಬೇಕು, ಅಷ್ಟೇ.

ಶುರು ಮಾಡುವ ಮುಂಚೆ ರೋಲಿನ ಡಬ್ಬಿ ನೋಡಿ. ಅದರ ಮೇಲೆ ‘ಸಿ-41’ ಎಂದಿದ್ದರೆ ಈ ವಿಧಾನ ಅದಕ್ಕಲ್ಲ. ಅದು ಬಣ್ಣದ ಫಿಲ್ಮ್ ತೊಳೆಯುವ ಪದ್ಧತಿಯ ಹೆಸರು. ಇಲ್‌ಫೋರ್ಡ್ ಎಕ್ಸ್‌ಪಿ2 ಎನ್ನುವ ಫಿಲ್ಮ್ ಕಪ್ಪು-ಬಿಳುಪೇ ಆದರೂ ಸಿ-41 ಗುಂಪಿಗೆ ಸೇರುತ್ತದೆ, ಅಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್, ಕೆಂಟ್‌ಮಿಯರ್, ಕೊಡಾಕ್ ಟ್ರೈ-ಎಕ್ಸ್, ಫೋಮಾಪ್ಯಾನ್ ಇವೆಲ್ಲ ಸಾದಾ ಕಪ್ಪು-ಬಿಳುಪು. ಉದಾಹರಣೆಗೆ ನಾನಿಲ್ಲಿ ಎಚ್‌ಪಿ5 ಪ್ಲಸ್ ಹಿಡಿದಿದ್ದೇನೆ. ಎಕ್ಸ್‌ಪೋಷರ್ ಸ್ವಲ್ಪ ಹೆಚ್ಚು-ಕಡಿಮೆಯಾದರೂ ತಡೆದುಕೊಳ್ಳುತ್ತದೆ, ಹೊಸಬರಿಗೆ ಒಳ್ಳೆಯದು. ಮೊದಲ ರೋಲಿನಲ್ಲಿ ಅಕ್ಕನ ಮದುವೆ ತೆಗೆಯಬೇಡಿ. ಉಣಕಲ್ ಕೆರೆ, ಲಕ್ಕುಂಡಿಯ ಗುಡಿ, ಹಾವೇರಿಯ ಸಿದ್ಧೇಶ್ವರ ದೇವಸ್ಥಾನ, ಹೀಗೆ ಕೆಟ್ಟರೆ ಇನ್ನೊಮ್ಮೆ ಹೋಗಿ ತೆಗೆಯಬಹುದಾದದ್ದನ್ನು ತೆಗೆಯಿರಿ.

ನೀರಿನ ಲೆಕ್ಕ

ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು, ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು. ನದಿಯ ನೀರೇ ಬಂದರೆ ಚಿಂತೆಯಿಲ್ಲ. ಆದರೆ ನಲ್ಲಿ ಬಾರದ ದಿನಗಳಲ್ಲಿ ಬೋರ್‌ವೆಲ್ ನೀರೇ ಗತಿ ಅಲ್ವಾ? ಸವಳು ನೀರಿನಿಂದ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ ಕಲಸಿದರೆ ತಳದಲ್ಲಿ ಬಿಳಿ ಗಸಿ ಕೂರಬಹುದು. ಅದಕ್ಕಿಂತ ದೊಡ್ಡ ಕಾಟವೆಂದರೆ ಕೊನೆಯಲ್ಲಿ ಫಿಲ್ಮ್ ಒಣಗಿದಾಗ ಉಳಿಯುವ ಸುಣ್ಣದ ಕಲೆ. ಆಕಾಶದ ತುಂಬ ಚುಕ್ಕೆ ಚುಕ್ಕೆ ಕಾಣುತ್ತದೆ, ಒರೆಸಲು ಹೋದರೆ ಗೀರು ಬೀಳುತ್ತದೆ.

ಪರಿಹಾರ ಸುಲಭ. ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಒಂದು ಕ್ಯಾನ್ ತನ್ನಿ. ದ್ರಾವಣ ಕಲಸಲು, ತೊಳೆಯಲು, ಕೊನೆಯ ಅದ್ದಿಗೆ ಎಲ್ಲ ಸೇರಿ ಒಂದು ರೋಲಿಗೆ ಎರಡರಿಂದ ಮೂರು ಲೀಟರ್ ಸಾಕು. ಪಾತ್ರೆ ತೊಳೆಯಲು, ದ್ರಾವಣದ ಬಾಟಲಿಗಳನ್ನು ಹದವಾದ ಬಿಸಿಯಲ್ಲಿಡುವ ಬುಟ್ಟಿಗೆ (ಪ್ಲಾಸ್ಟಿಕ್ ಟಬ್ಬಿಗೆ) ಸವಳು ನೀರೇ ನಡೆಯುತ್ತದೆ. ಹಳೆಯ ಪುಸ್ತಕಗಳಲ್ಲಿ ಅರ್ಧ ಗಂಟೆ ಹರಿಯುವ ನಲ್ಲಿಯ ಕೆಳಗೆ ಫಿಲ್ಮ್ ಇಡಿ ಎಂದು ಬರೆದಿರುತ್ತಾರೆ. ವಾರಕ್ಕೊಮ್ಮೆ ನೀರು ಹಿಡಿಯುವ ಮನೆಯಲ್ಲಿ ಹಾಗೆ ಮಾಡಿದರೆ ಮನೆಯವರು ನಿಮ್ಮನ್ನೇ ಹೊರಗೆ ಹಾಕುತ್ತಾರೆ. ಒಂದು ಲೀಟರ್ ಒಳಗೇ ಮುಗಿಯುವ ತೊಳೆಯುವ ವಿಧಾನವಿದೆ, 7ನೇ ಹಂತದಲ್ಲಿ ಹೇಳುತ್ತೇನೆ.

ಇನ್ನು ಬಿಸಿ. ಡೆವಲಪರ್ ಬಿಸಿಯಿದ್ದಷ್ಟೂ ಬೇಗ ಕೆಲಸ ಮಾಡುತ್ತದೆ. ಎಚ್‌ಪಿ5 ಪ್ಲಸ್ ಅನ್ನು ಐಎಸ್‌ಒ 400ಕ್ಕೇ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂದು ಡಬ್ಬಿಯ ಮೇಲೆ ಬರೆದಿರುವ ಸಂಖ್ಯೆ) ಇಟ್ಟು ತೆಗೆದಿದ್ದರೆ, ಐಡಿ-11 ಡೆವಲಪರಿಗೆ ಅಷ್ಟೇ ನೀರು ಬೆರೆಸಿದಾಗ 20 ಡಿಗ್ರಿಯಲ್ಲಿ 13 ನಿಮಿಷ ಬೇಕು. ಒಂದೊಂದು ಡಿಗ್ರಿ ಏರಿದಂತೆ ಸಮಯದ ಸುಮಾರು ಹತ್ತನೇ ಒಂದು ಭಾಗ ಕಡಿಮೆಯಾಗುತ್ತಾ ಹೋಗುತ್ತದೆ. 22 ಡಿಗ್ರಿಯಲ್ಲಿ ಹತ್ತೂವರೆ-ಹನ್ನೊಂದು ನಿಮಿಷ, 24ರಲ್ಲಿ ಸುಮಾರು 9 ನಿಮಿಷ. ನಮ್ಮ ಕಡೆ 24 ಡಿಗ್ರಿಯನ್ನೇ ಗುರಿ ಮಾಡಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 20ಕ್ಕೆ ಇಳಿಸಲು ಒದ್ದಾಡಿ, ಅದು ಅರ್ಧದಲ್ಲೇ 23ಕ್ಕೆ ಏರುವುದಕ್ಕಿಂತ 24ರಲ್ಲಿ ಶುರು ಮಾಡಿ 24ರಲ್ಲೇ ಮುಗಿಸುವುದು ಮೇಲು.

ಒಂದು ಗಡಿ ನೆನಪಿರಲಿ. ಡೆವಲಪ್ ಮಾಡುವ ಸಮಯ 5 ನಿಮಿಷಕ್ಕಿಂತ ಕಡಿಮೆಯಾಗಬಾರದು. ಹಾಗಾದರೆ ಹಾಕುವಾಗ, ಸುರಿಯುವಾಗ ಆಗುವ ಕೆಲವು ಸೆಕೆಂಡಿನ ವ್ಯತ್ಯಾಸವೇ ದೊಡ್ಡದಾಗಿ ಫಿಲ್ಮಿನಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಅದಕ್ಕೇ ಇಲ್ಲಿ ನೀರು ಬೆರೆಸಿದ ಡೆವಲಪರ್ ಬಳಸುತ್ತಿದ್ದೇವೆ. ಬೆರೆಸದೆ ಹಾಗೇ ಬಳಸಿದರೆ 20 ಡಿಗ್ರಿಯಲ್ಲೇ ಏಳೂವರೆ ನಿಮಿಷ, ಬೇಸಿಗೆಯಲ್ಲಿ ಲೆಕ್ಕ ತಪ್ಪುವುದು ಗ್ಯಾರಂಟಿ.

ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಮುಟ್ಟಲಾಗದಷ್ಟು ಕಾದಿರುತ್ತದೆ. ಬೆಳಗಿನ ಜಾವ ಮಾಡಿ. ಹಿಂದಿನ ರಾತ್ರಿ ಮಣ್ಣಿನ ಗಡಿಗೆಯಲ್ಲಿ ತುಂಬಿಟ್ಟ ನೀರು ಚೆನ್ನಾಗಿ ತಣ್ಣಗಾಗಿರುತ್ತದೆ. ಗದಗದ ಒಣ ಹವೆಯಲ್ಲಂತೂ ಗಡಿಗೆಯಷ್ಟು ಅಗ್ಗದ ಕೂಲರ್ ಇನ್ನೊಂದಿಲ್ಲ. ಸಾಲದಿದ್ದರೆ ಫ್ರಿಜ್ಜಿನ ಐಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ, ಬಾಟಲಿಗಳಿರುವ ಬುಟ್ಟಿಯ ನೀರಿಗೆ ಹಾಕಿ. ಡೆವಲಪರಿನೊಳಗೇ ಐಸ್ ಹಾಕಬೇಡಿ, ತೆಳುವಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಧಾರವಾಡದಲ್ಲಿ ಇದೇ ಕೆಲಸ ಉಲ್ಟಾ. ನಸುಕಿನಲ್ಲಿ ನೀರು 20ಕ್ಕಿಂತ ಕೆಳಗೆ ಇಳಿದಿರುತ್ತದೆ. ಹತ್ತು ಗಂಟೆಯ ತನಕ ಕಾಯಿರಿ, ಅಥವಾ ಬುಟ್ಟಿಗೆ ಬಿಸಿನೀರು ಬೆರೆಸಿ.

ಏನೇನು ಬೇಕು

ಮುಖ್ಯವಾದದ್ದು ಡೆವಲಪಿಂಗ್ ಟ್ಯಾಂಕ್. ಬೆಳಕು ಒಳಗೆ ಹೋಗದ, ಆದರೆ ದ್ರಾವಣ ಹಾಕಿ ತೆಗೆಯಬಹುದಾದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಅದು. ಪ್ಯಾಟರ್ಸನ್ ಕಂಪನಿಯದು ಎಲ್ಲರೂ ಬಳಸುವಂಥದ್ದು. ಒಳಗೆ ಫಿಲ್ಮ್ ಸುತ್ತುವ ಒಂದು ಚಕ್ರವಿರುತ್ತದೆ, ಅದನ್ನು ನಾನು ಸುರುಳಿ ಎನ್ನುತ್ತೇನೆ. ಟ್ಯಾಂಕಿನ ತಳದಲ್ಲೇ ಎಷ್ಟು ದ್ರಾವಣ ಬೇಕೆಂದು ಅಚ್ಚಾಗಿರುತ್ತದೆ. 35 ಮಿ.ಮೀ. ರೋಲ್ ಒಂದಕ್ಕೆ 290 ಮಿ.ಲೀ., ಅಗಲದ 120 ರೋಲಿಗೆ 500 ಮಿ.ಲೀ. ನಾವು ಲೆಕ್ಕಕ್ಕೆ 300 ಹಿಡಿಯೋಣ.

ಹೊಸದನ್ನು ಆನ್‌ಲೈನ್‌ನಲ್ಲಿ ತರಿಸಬಹುದು. ಅದಕ್ಕೂ ಮುಂಚೆ ಊರಿನ ಹಳೆಯ ಸ್ಟುಡಿಯೋಗೆ ಹೋಗಿ, “ಕಾಕಾ, ಹಳೇ ಡೆವಲಪಿಂಗ್ ಟ್ಯಾಂಕ್ ಏನಾರ ಐತೇನ್ರಿ?” ಎಂದು ಕೇಳಿ ನೋಡಿ. ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿರುವುದುಂಟು. ಹಳೆಯದು ತೆಗೆದುಕೊಳ್ಳುವಾಗ ನಡುವಿನ ಕಪ್ಪು ಕೊಳವೆ ಇದೆಯೇ ನೋಡಿ. ಅದಿಲ್ಲದ ಟ್ಯಾಂಕ್ ಪುಕ್ಕಟೆ ಕೊಟ್ಟರೂ ಬೇಡ. ಬೆಳಕನ್ನು ತಡೆಯುವುದೇ ಆ ಕೊಳವೆ.

ಚೇಂಜಿಂಗ್ ಬ್ಯಾಗ್ ಕೊಂಡರೆ ಸುಖ. ಎರಡು ಪದರದ ಕಪ್ಪು ಬಟ್ಟೆಯ ಚೀಲ, ಕೈ ತೂರಿಸಲು ಎರಡು ತೋಳು ಇರುತ್ತವೆ. ಅದಿಲ್ಲದಿದ್ದರೆ ರಾತ್ರಿ, ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಬಾಗಿಲ ಸಂದಿಗೆ ಕೌದಿ ತುರುಕಿ ಮಾಡಬಹುದು.

ಥರ್ಮಾಮೀಟರ್ ಬೇಕೇ ಬೇಕು. ಜ್ವರ ನೋಡುವುದು ಬರುವುದಿಲ್ಲ, ಅದು 35 ಡಿಗ್ರಿಯಿಂದ ಶುರುವಾಗುತ್ತದೆ. ಶಾಲಾ-ಕಾಲೇಜುಗಳ ಪ್ರಯೋಗಾಲಯಕ್ಕೆ ಸಾಮಾನು ಕೊಡುವ ಅಂಗಡಿಯಲ್ಲಿ ಗಾಜಿನ ಥರ್ಮಾಮೀಟರ್, ಅಳತೆಯ ಜಾಡಿ, ಕಂದು ಬಣ್ಣದ ಬಾಟಲಿ ಎಲ್ಲ ಒಂದೇ ಕಡೆ ಸಿಗುತ್ತವೆ. ಫನೆಲ್, ಬುಟ್ಟಿ, ಬಟ್ಟೆಯ ಕ್ಲಿಪ್, ಕತ್ತರಿಗೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಸುತ್ತು ಹಾಕಿದರೆ ಆಯಿತು. ಸೋಡಾ ಬಾಟಲಿಯ ಮುಚ್ಚಳ ತೆಗೆಯುವ ಓಪನರ್ ಒಂದಿರಲಿ, ಫಿಲ್ಮ್ ಡಬ್ಬಿ ಬಿಚ್ಚಲು. ಅಡುಗೆಮನೆಯ ಪಾತ್ರೆಯನ್ನು ಇದಕ್ಕೆ ಬಳಸಬೇಡಿ. ಬಳಸಿದರೆ ಮತ್ತೆ ಅಡುಗೆಗೆ ಒಯ್ಯಬೇಡಿ.

ಮೂರು ದ್ರಾವಣಗಳು

ಡೆವಲಪರ್. ಬೆಳಕು ಬಿದ್ದ ಜಾಗದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿ ಮಾಡುವುದು, ಅಂದರೆ ಚಿತ್ರ ಮೂಡಿಸುವುದು ಇದೇ. ಇಲ್‌ಫೋರ್ಡ್ ಐಡಿ-11, ಕೊಡಾಕ್ ಡಿ-76 ಎರಡೂ ಪುಡಿಯಾಗಿ ಬರುತ್ತವೆ, ಅಣ್ಣ-ತಮ್ಮಂದಿರಂತೆ ಹತ್ತಿರದ ಸೂತ್ರ. ಆದರೂ ಸಮಯವನ್ನು ನಿಮ್ಮ ಕೈಯಲ್ಲಿರುವ ಪೊಟ್ಟಣಕ್ಕೆ ತಕ್ಕಂತೆ ನೋಡಿಕೊಳ್ಳಿ. ಐಡಿ-11ರ 1 ಲೀಟರಿನ ಪೊಟ್ಟಣದಲ್ಲಿ ಎ ಮತ್ತು ಬಿ ಎಂದು ಎರಡು ಚೀಲ ಇರುತ್ತವೆ. 40 ಡಿಗ್ರಿಯ 750 ಮಿ.ಲೀ. ನೀರಿಗೆ ಮೊದಲು ಎ, ಅದು ಪೂರ್ತಿ ಕರಗಿದ ಮೇಲೆ ಬಿ, ಆಮೇಲೆ 1 ಲೀಟರಿಗೆ ತುಂಬಿಸಿ. ಹೀಗೆ ತಯಾರಾದ ಗಟ್ಟಿ ದ್ರಾವಣಕ್ಕೆ ಸ್ಟಾಕ್ ಎನ್ನುತ್ತಾರೆ. ಅರ್ಧ ಪುಡಿ ಈಗ, ಅರ್ಧ ಆಮೇಲೆ ಎನ್ನುವ ಉಳಿತಾಯ ಬೇಡ. ಚೀಲದಲ್ಲಿ ಪುಡಿಗಳು ಸಮನಾಗಿ ಬೆರೆತಿರುವುದಿಲ್ಲ. ಹಿಂದಿನ ದಿನವೇ ಕಲಸಿಟ್ಟರೆ ತಣ್ಣಗಾಗಲು ಸಮಯ ಸಿಗುತ್ತದೆ.

ಸ್ಟಾಕ್ ಗಾಳಿಗೆ ಕೆಡುತ್ತದೆ. ಕುತ್ತಿಗೆಯ ತನಕ ತುಂಬಿದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಅರ್ಧ ಖಾಲಿ ಬಾಟಲಿಯಲ್ಲಿ ಬೇಗ ಸಾಯುತ್ತದೆ. ಅದಕ್ಕೆ 1 ಲೀಟರನ್ನು ನಾಲ್ಕು ಸಣ್ಣ ಬಾಟಲಿಗೆ ಹಂಚಿಡಿ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ.

ಎರಡು ತಿಂಗಳಿಗೊಂದು ರೋಲ್ ತೆಗೆಯುವವರಿಗೆ ನಾನು ಪುಡಿಗಿಂತ ರೋಡಿನಲ್ ಹೇಳುತ್ತೇನೆ. ಅದು ಗಟ್ಟಿ ದ್ರವ, ಬಾಟಲಿಯ ಮುಚ್ಚಳ ತೆರೆದ ಮೇಲೂ ವರ್ಷಗಟ್ಟಲೆ ಇರುತ್ತದೆ. ಒಂದು ಭಾಗಕ್ಕೆ ಐವತ್ತು ಭಾಗ ನೀರು ಬೆರೆಸಿ ಬಳಸುವುದು. ಚಿತ್ರದ ಕಾಳು ಸ್ವಲ್ಪ ದಪ್ಪ ಕಾಣುತ್ತದೆ, ಅದು ಕೆಲವರಿಗೆ ಇಷ್ಟ, ಕೆಲವರಿಗೆ ಆಗದು.

ಸ್ಟಾಪ್ ಬಾತ್. ಡೆವಲಪರಿನ ಕೆಲಸವನ್ನು ಥಟ್ಟನೆ ನಿಲ್ಲಿಸುವ ಹುಳಿ ದ್ರಾವಣ. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಸಾಕು. ಶೇ 4 ಎಂದು ಬರೆದಿದ್ದರೆ ಒಂದು ಭಾಗಕ್ಕೆ ಮೂರು ಭಾಗ ನೀರು. ಬಣ್ಣದ ವಿನೆಗರ್ ಬೇಡ.

ಫಿಕ್ಸರ್. ಬೆಳಕು ಬೀಳದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದುಹಾಕುತ್ತದೆ. ಇದಾದ ಮೇಲೆ ಫಿಲ್ಮ್ ಬೆಳಕಿಗೆ ಹೆದರಬೇಕಿಲ್ಲ. ಈಗ ಸಿಗುವ ರ‍್ಯಾಪಿಡ್ ಫಿಕ್ಸರ್ ದ್ರವ ಒಳ್ಳೆಯದು, ಒಂದು ಭಾಗಕ್ಕೆ ನಾಲ್ಕು ಭಾಗ ನೀರು. ಇದನ್ನು ಚೆಲ್ಲಬೇಡಿ, ಮತ್ತೆ ಮತ್ತೆ ಬಳಸಬಹುದು.

ಹಳೆಯ ಸ್ಟುಡಿಯೋದವರು ಹೈಪೋ ಎನ್ನುತ್ತಿದ್ದದ್ದು ಸೋಡಿಯಂ ಥಯೋಸಲ್ಫೇಟ್ ಹರಳು. ರಾಸಾಯನಿಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಲೀಟರಿಗೆ 250 ಗ್ರಾಂ ಕರಗಿಸಿದರೆ ಸಾದಾ ಫಿಕ್ಸರ್ ಆಯಿತು. ಕರಗುವಾಗ ನೀರು ತುಂಬಾ ತಣ್ಣಗಾಗುತ್ತದೆ, ಹಾಗಾಗಿ ಬೆಚ್ಚನೆಯ ನೀರಲ್ಲೇ ಶುರು ಮಾಡಿ. ಇದು ನಿಧಾನ, ಹತ್ತು ನಿಮಿಷ ಬೇಕು. ಇನ್ನೊಂದು ವಿಷಯ, ಸಾದಾ ಹೈಪೋಗೆ ಹುಳಿ ಸೇರಿದರೆ ಗಂಧಕ ಹೊರಬಂದು ಹಾಲಿನಂತಾಗುತ್ತದೆ. ಹೈಪೋ ಬಳಸುವವರು ವಿನೆಗರ್ ಬಿಟ್ಟು ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ.

ಎಚ್ಚರಿಕೆ: ಹೈಪೋ ಹರಳು ನೋಡಲು ಥೇಟ್ ಕಲ್ಲುಸಕ್ಕರೆ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಯಾವ ದ್ರಾವಣವನ್ನೂ ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಇಡಬೇಡಿ. ದೊಡ್ಡದಾಗಿ ಹೆಸರು, ಕಲಸಿದ ತಾರೀಕು ಬರೆದು ಅಂಟಿಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಡೆವಲಪರಿನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಏಳುತ್ತದೆ.

ಡಿ-76 ಅನ್ನು ಮನೆಯಲ್ಲೇ ಕಲಸಬಹುದೇ ಎಂದೂ ಕೇಳುತ್ತಾರೆ. ಆಗುತ್ತದೆ. ಸೂತ್ರ 1 ಲೀಟರಿಗೆ ಹೀಗಿದೆ: ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಆಮೇಲೆ ಉಳಿದವು. ಸಲ್ಫೈಟ್ ಪೂರ್ತಿ ಹಾಕಿದ ಮೇಲೆ ಮೆಟಾಲ್ ಕರಗುವುದಿಲ್ಲ. ಬೊರಾಕ್ಸ್ ಎಂದರೆ ಬಿಳಿಗಾರ. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ ಬೇರೆ, ಅದನ್ನು ಹಾಕಿದರೆ ಕೆಲಸ ಕೆಡುತ್ತದೆ. ಆದರೆ ಮೊದಲ ಕೆಲವು ರೋಲಿಗೆ ಪೊಟ್ಟಣವನ್ನೇ ಬಳಸಿ. ಎಡವಟ್ಟಾದಾಗ ತಪ್ಪು ಎಲ್ಲಿ ಎಂದು ಹುಡುಕುವುದು ಸುಲಭ.

ಈಗ ಕೆಲಸಕ್ಕೆ ಇಳಿಯೋಣ

1. ಬೆಳಕಿನಲ್ಲಿ ಅಭ್ಯಾಸ. ಕೆಟ್ಟುಹೋದ ರೋಲೊಂದನ್ನು ಬಲಿಕೊಡಿ. ಫಿಲ್ಮಿನ ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ. ಸುರುಳಿಯ ಬಾಯಲ್ಲಿ ತುದಿ ತೂರಿಸಿ, ಸಣ್ಣ ಗುಂಡುಗಳು ಹಿಡಿಯುವ ತನಕ ಎಳೆಯಿರಿ. ಆಮೇಲೆ ಸುರುಳಿಯ ಎರಡು ಬದಿಗಳನ್ನು ಹಿಂದೆ-ಮುಂದೆ ತಿರುಗಿಸುತ್ತಾ ಹೋದರೆ ಫಿಲ್ಮ್ ತಾನಾಗಿ ಒಳಗೆ ಹೋಗುತ್ತದೆ. ಕಣ್ಣು ಬಿಟ್ಟು ಕೆಲವು ಸಲ, ಕಣ್ಣು ಮುಚ್ಚಿ ಕೆಲವು ಸಲ ಮಾಡಿ. ನೋಡದೆ ಸರಾಗವಾಗಿ ಬರುವ ತನಕ ನಿಜವಾದ ರೋಲ್ ಮುಟ್ಟಬೇಡಿ. ಇಡೀ ಕೆಲಸದಲ್ಲಿ ಕಲಿಯಬೇಕಾದ ಕೈಚಳಕ ಇದೊಂದೇ.

2. ಎಲ್ಲ ಸಾಲಾಗಿ ಇಡಿ. ಸ್ಟಾಕ್ 150 ಮಿ.ಲೀ., ನೀರು 150 ಮಿ.ಲೀ. ಸೇರಿಸಿ ಡೆವಲಪರ್ ತಯಾರಿಸಿ. ಹೀಗೆ ಸಮ ಸಮ ಬೆರೆಸುವುದನ್ನು 1+1 ಎಂದು ಬರೆಯುತ್ತಾರೆ. ಸ್ಟಾಪ್ 300, ಫಿಕ್ಸರ್ 300. ಮೂರನ್ನೂ, ತೊಳೆಯುವ ನೀರನ್ನೂ ಒಂದೇ ಬುಟ್ಟಿಯ ನೀರಿನಲ್ಲಿ ಅರ್ಧ ಗಂಟೆ ಇಡಿ. ಎಲ್ಲವೂ 24ರ ಆಸುಪಾಸಿಗೆ ಬರಲಿ. ಡೆವಲಪರಿನದು ಮಾತ್ರ ಕರಾರುವಾಕ್ಕಾಗಿರಬೇಕು, ಉಳಿದವು ಒಂದೆರಡು ಡಿಗ್ರಿ ಆಚೀಚೆಯಾದರೆ ತೊಂದರೆಯಿಲ್ಲ. ಆದರೆ 24ರ ಡೆವಲಪರಿನಿಂದ ತೆಗೆದು 35ರ ನಲ್ಲಿ ನೀರಿಗೆ ಹಾಕಿದರೆ ಫಿಲ್ಮಿನ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ ಗೀರು, ಸುಕ್ಕು ಬರಬಹುದು.

3. ಕತ್ತಲಲ್ಲಿ ತುಂಬುವುದು. ಸಿನಿಮಾದಲ್ಲಿ ಕೆಂಪು ದೀಪದ ಕೆಳಗೆ ಫೋಟೋ ತೊಳೆಯುವುದು ನೋಡಿರುತ್ತೀರಿ. ಅದು ಪ್ರಿಂಟ್ ಹಾಕುವ ಕಾಗದಕ್ಕೆ. ಫಿಲ್ಮಿಗೆ ಕೆಂಪು ಬೆಳಕೂ ಕಾಣುತ್ತದೆ, ಆದ್ದರಿಂದ ಯಾವ ದೀಪವೂ ಬೇಡ. ಬಚ್ಚಲುಮನೆಯಲ್ಲಿ ಮಾಡುವವರು ಗೀಸರಿನ ಸಣ್ಣ ಕೆಂಪು ದೀಪ ಆರಿಸಿ, ಹೊಳೆಯುವ ವಾಚ್ ಬಿಚ್ಚಿಡಿ, ಮೊಬೈಲ್ ಹೊರಗಿಡಿ. ಐದು ನಿಮಿಷ ಸುಮ್ನೆ ಕೂತು ನೋಡಿ. ಕಣ್ಣು ಹೊಂದಿಕೊಂಡ ಮೇಲೆ ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಮುಚ್ಚಿ.

ಟ್ಯಾಂಕ್, ನಡುವಿನ ಕೊಳವೆ, ಸುರುಳಿ, ಮುಚ್ಚಳ, ಕತ್ತರಿ, ಓಪನರ್, ರೋಲ್ ಎಲ್ಲವೂ ಕೈಗೆ ಸಿಗುವಂತೆ ಇದ್ದ ಮೇಲೆ ಕತ್ತಲು ಮಾಡಿ. ಓಪನರಿನಿಂದ ಡಬ್ಬಿಯ ಚಪ್ಪಟೆ ತುದಿ ಎಬ್ಬಿಸಿ, ಫಿಲ್ಮ್ ಹೊರತೆಗೆದು ಸುರುಳಿಗೆ ಹತ್ತಿಸಿ, ಕೊನೆಯಲ್ಲಿ ಫಿಲ್ಮ್ ಅಂಟಿಕೊಂಡಿರುವ ಒಳಗಿನ ಉರುಟು ಕಡ್ಡಿಯ ಹತ್ತಿರ ಕತ್ತರಿಸಿ. ಸುರುಳಿಯನ್ನು ಕೊಳವೆಗೆ ಏರಿಸಿ, ಟ್ಯಾಂಕಿಗೆ ಇಳಿಸಿ, ಫನೆಲ್ ಆಕಾರದ ಮುಚ್ಚಳವನ್ನು ಟಕ್ ಎನ್ನುವ ತನಕ ತಿರುಗಿಸಿ. ಕೊಳವೆ ಮರೆತರೆ ಇಡೀ ರೋಲ್ ಹೋಯಿತು.

ಅರ್ಧದಲ್ಲಿ ಫಿಲ್ಮ್ ಸಿಕ್ಕಿಕೊಂಡರೆ ಒತ್ತಬೇಡಿ, ಹೊರಗೆಳೆದು ಮತ್ತೆ ಶುರು ಮಾಡಿ. ಸಿಕ್ಕಿಕೊಳ್ಳಲು ಕಾರಣ ಬಹುತೇಕ ತೇವ. ಸುರುಳಿ ಸ್ವಲ್ಪ ಒದ್ದೆಯಿದ್ದರೂ ಫಿಲ್ಮ್ ಮುಂದೆ ಹೋಗದು. ಮೇ ತಿಂಗಳಲ್ಲಿ ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರಿ ಇದೇ ಆಗುತ್ತದೆ. ತೀರಾ ಬೆವರಿದರೆ ಫಿಲ್ಮನ್ನು ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿಮಾಡಿ, ಕೈ ಹೊರತೆಗೆದು ಒರೆಸಿಕೊಂಡು ಮತ್ತೆ ಶುರು ಮಾಡಿ. ಹಾಗೆ ಹೊರತೆಗೆಯುವಾಗಲೂ ಕೊಳವೆ ಟ್ಯಾಂಕಿನೊಳಗೆ ಇರಲೇಬೇಕು. ಆತುರಪಟ್ಟರೆ ಫಿಲ್ಮ್ ಮಡಚಿ ಕಲೆಯಾಗುತ್ತದೆ.

ಇಲ್ಲಿಂದ ಮುಂದೆ ದೀಪ ಹಾಕಿಕೊಳ್ಳಬಹುದು.

4. ಡೆವಲಪ್. ಥರ್ಮಾಮೀಟರ್ ನೋಡಿ, ಆ ಡಿಗ್ರಿಗೆ ತಕ್ಕ ಸಮಯ ಗೊತ್ತು ಮಾಡಿಕೊಳ್ಳಿ. ಡೆವಲಪರನ್ನು ನಿಧಾನಿಸದೆ ಒಮ್ಮೆಲೇ ಸುರಿದು ಮೊಬೈಲಿನ ಟೈಮರ್ ಒತ್ತಿ. ಮೇಲಿನ ಮುಚ್ಚಳ ಹಾಕಿ ಮೊದಲ 10 ಸೆಕೆಂಡಿನಲ್ಲಿ 4 ಸಲ ಟ್ಯಾಂಕನ್ನು ತಲೆಕೆಳಗೆ ಮಾಡಿ ನೇರ ಮಾಡಿ. ಆಮೇಲೆ ಟ್ಯಾಂಕಿನ ತಳವನ್ನು ಕಟ್ಟೆಗೆ ಎರಡು ಸಲ ತಟ್ಟಿ, ಅಂಟಿಕೊಂಡ ಗಾಳಿಗುಳ್ಳೆ ಬಿಡುತ್ತವೆ. ಮುಂದೆ ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಇದೇ 4 ಸಲ. ಇದಕ್ಕೆ ಅಜಿಟೇಶನ್ ಎನ್ನುತ್ತಾರೆ. ಫಿಲ್ಮಿನ ಮೈಗೆ ತಾಗಿದ ಹಳೆಯ ದ್ರಾವಣ ಸರಿದು ಹೊಸದು ಬರಲಿ ಎಂದು ಮಾಡುವುದು.

ಜಾಸ್ತಿ ಅಲ್ಲಾಡಿಸಿದರೆ ಚೆನ್ನಾಗಿ ಬರುತ್ತದೆ ಎಂಬ ಆಸೆ ಬೇಡ. ಫಿಲ್ಮಿನ ಅಂಚಿನ ತೂತುಗಳ ಮೂಲಕ ದ್ರಾವಣ ರಭಸದಿಂದ ನುಗ್ಗಿ ಪಟ್ಟೆ ಬೀಳುತ್ತದೆ, ಕಪ್ಪು-ಬಿಳುಪಿನ ಅಂತರವೂ ವಿಪರೀತವಾಗುತ್ತದೆ. ನಡುವೆ ಟ್ಯಾಂಕನ್ನು ಬುಟ್ಟಿಯ ನೀರಿನಲ್ಲೇ ನಿಲ್ಲಿಸಿ. ಕೈಯಲ್ಲಿ ಹಿಡಿದೇ ಇದ್ದರೆ ಅಂಗೈಯ ಬಿಸಿಗೇ ಡಿಗ್ರಿ ಏರುತ್ತದೆ. ಸಮಯ ಮುಗಿಯಲು 10 ಸೆಕೆಂಡ್ ಇರುವಾಗ ಸುರಿಯಲು ಶುರು ಮಾಡಿ. 1+1 ಡೆವಲಪರ್ ಒಂದೇ ಸಲಕ್ಕೆ, ಚೆಲ್ಲಿ.

5. ಸ್ಟಾಪ್. ಹಾಕಿ, ಅರ್ಧ ನಿಮಿಷ ಮೆಲ್ಲಗೆ ಅಲ್ಲಾಡಿಸಿ, ಸುರಿಯಿರಿ.

6. ಫಿಕ್ಸ್. ರ‍್ಯಾಪಿಡ್ ಫಿಕ್ಸರ್ ಆದರೆ 3ರಿಂದ 5 ನಿಮಿಷ, ಡೆವಲಪರಿನ ಹಾಗೆಯೇ ನಿಮಿಷಕ್ಕೊಮ್ಮೆ ಅಲ್ಲಾಡಿಸಿ. ಎಷ್ಟು ಹೊತ್ತು ಎಂದು ನಿಮ್ಮ ಫಿಕ್ಸರನ್ನೇ ಕೇಳಬಹುದು. ರೋಲಿನಿಂದ ಕತ್ತರಿಸಿದ ತುದಿಯ ತುಂಡನ್ನು ಬೆಳಕಿನಲ್ಲೇ ಫಿಕ್ಸರಿಗೆ ಹಾಕಿ ಗಡಿಯಾರ ನೋಡಿ. ಹಾಲುಬಿಳುಪು ಹೋಗಿ ಪಾರದರ್ಶಕ ಆಗಲು ಎಷ್ಟು ಸಮಯ ಹಿಡಿಯಿತೋ ಅದರ ಎರಡು ಪಟ್ಟು ಫಿಕ್ಸ್ ಮಾಡಿ. ಈ ಪರೀಕ್ಷೆಯನ್ನು ಪ್ರತಿ ರೋಲಿಗೂ ಮಾಡಿ. ಹೊಸ ಫಿಕ್ಸರಿನಲ್ಲಿ ಆಗುತ್ತಿದ್ದ ಸಮಯದ ಎರಡು ಪಟ್ಟು ಹಿಡಿಯತೊಡಗಿದರೆ ಅದರ ಆಯಸ್ಸು ಮುಗಿಯಿತು. ಫಿಕ್ಸ್ ಮಾಡಿದ್ದು ಮುಗಿದ ಮೇಲೆ ಫಿಕ್ಸರನ್ನು ಬಾಟಲಿಗೆ ವಾಪಸ್ ಸುರಿಯಿರಿ. ಈಗ ಮುಚ್ಚಳ ತೆಗೆದು ಇಣುಕಬಹುದು. ಯಾರಿಗೂ ತಡೆಯಲಾಗುವುದಿಲ್ಲ, ನೋಡಿ.

7. ತೊಳೆಯುವುದು. ನೀರು ಉಳಿಸುವ ಇಲ್‌ಫೋರ್ಡ್ ವಿಧಾನ ಇದು. ಟ್ಯಾಂಕಿಗೆ ಅದೇ ಬಿಸಿಯ ನೀರು ತುಂಬಿ 5 ಸಲ ತಲೆಕೆಳಗೆ ಮಾಡಿ ಚೆಲ್ಲಿ. ಮತ್ತೆ ತುಂಬಿ 10 ಸಲ. ಮತ್ತೆ ತುಂಬಿ 20 ಸಲ. ಮುಗಿಯಿತು. ಮೂರು ಸಲಕ್ಕೆ 900 ಮಿ.ಲೀ. ಫಿಕ್ಸರಿನಲ್ಲಿ ಹಾರ್ಡನರ್, ಅಂದರೆ ಪದರವನ್ನು ಗಟ್ಟಿ ಮಾಡುವ ಪದಾರ್ಥ ಇದ್ದರೆ ಇಷ್ಟು ಸಾಲದು. ಕೊಳ್ಳುವಾಗಲೇ ಹಾರ್ಡನರ್ ಇಲ್ಲದ್ದನ್ನು ಆರಿಸಿ.

8. ಕೊನೆಯ ಅದ್ದು. ಕ್ಯಾನಿನ ಶುದ್ಧ ನೀರು 300 ಮಿ.ಲೀ.ಗೆ ವೆಟ್ಟಿಂಗ್ ಏಜೆಂಟ್ ಕೆಲವು ಹನಿ. ನೀರು ಹನಿ ಹನಿಯಾಗಿ ನಿಲ್ಲದೆ ಜಾರಿ ಹೋಗಲಿ ಎಂದು ಇದನ್ನು ಹಾಕುವುದು. ಸಿಗದಿದ್ದರೆ ಪಾತ್ರೆ ತೊಳೆಯುವ ದ್ರವ ಒಂದೇ ಒಂದು ಹನಿ. ನೊರೆ ಎದ್ದರೆ ಜಾಸ್ತಿಯಾಯಿತು ಎಂದರ್ಥ. ಒಂದು ನಿಮಿಷ ಬಿಡಿ, ಈ ಹಂತದಲ್ಲಿ ಅಲ್ಲಾಡಿಸಬೇಡಿ.

9. ಒಣಗಿಸುವುದು. ಒದ್ದೆ ಫಿಲ್ಮಿಗೆ ಧೂಳು ಅಂಟಿದರೆ ಬಿಡುವುದಿಲ್ಲ, ನಮ್ಮ ಊರುಗಳಲ್ಲಿ ಧೂಳಿಗೇನು ಬರವೇ? ಅಂಗಳದಲ್ಲಿ, ಮಾಳಿಗೆಯ ಮೇಲೆ ತೂಗಿಹಾಕಬೇಡಿ. ಬಚ್ಚಲುಮನೆಯಲ್ಲಿ ಒಂದು ಬಕೆಟ್ ಬಿಸಿನೀರು ಸುರಿದು ಆವಿ ಏಳಿಸಿ, ಧೂಳು ಕೆಳಗೆ ಕೂತ ಮೇಲೆ ಹಗ್ಗಕ್ಕೆ ಕ್ಲಿಪ್ ಹಾಕಿ ಫಿಲ್ಮ್ ಇಳಿಬಿಡಿ. ಕೆಳತುದಿಗೂ ಒಂದು ಕ್ಲಿಪ್ ಇರಲಿ, ಇಲ್ಲದಿದ್ದರೆ ಸುತ್ತಿಕೊಳ್ಳುತ್ತದೆ. ಫ್ಯಾನ್, ಹೇರ್ ಡ್ರೈಯರ್ ಬೇಡ. ಬಟ್ಟೆಯಿಂದ, ಬೆರಳಿನಿಂದ ಒರೆಸುವುದೂ ಬೇಡ. ಬಾಗಿಲು ಹಾಕಿ, ಮೂರು-ನಾಲ್ಕು ಗಂಟೆ ಯಾರೂ ಸ್ನಾನಕ್ಕೆ ಬರಬೇಡಿ ಎಂದು ಹೇಳಿಬಿಡಿ. ಧಾರವಾಡದ ಮಳೆಗಾಲದಲ್ಲಿ ರಾತ್ರಿಯಿಡೀ ಬೇಕಾಗಬಹುದು.

ಒಣಗಿದ ಮೇಲೆ ಆರು ಆರು ಚಿತ್ರಕ್ಕೆ ಒಂದರಂತೆ ಕತ್ತರಿಸಿ ನೆಗೆಟಿವ್ ಹಾಳೆಗೆ ಸೇರಿಸಿ. ಮಳೆಗಾಲದ ತೇವಕ್ಕೆ ಬೂಸರು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ನೆಗೆಟಿವ್ ನೋಡಿ ತಪ್ಪು ಹಿಡಿಯುವುದು

ಮೊದಲು ಚಿತ್ರ ನೋಡಬೇಡಿ, ಅಂಚು ನೋಡಿ. ಫಿಲ್ಮಿನ ಅಂಚಿನಲ್ಲಿರುವ ಹೆಸರು, ಸಂಖ್ಯೆಗಳು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚಾದವು. ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧವಿಲ್ಲ. ಅವು ಕಪ್ಪಾಗಿ ಸ್ಪಷ್ಟವಾಗಿದ್ದರೆ ನೀವು ತೊಳೆದದ್ದು ಸರಿಯಾಗಿದೆ. ಅಂಚು ಸರಿಯಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಕ್ಯಾಮೆರಾದಲ್ಲಿ ಬೆಳಕು ಕಡಿಮೆಯಾಗಿದೆ. ಅಂಚೂ ಮಂಕಾಗಿದ್ದರೆ ಡೆವಲಪರ್ ಹಳೆಯದು, ತಣ್ಣಗಿತ್ತು ಅಥವಾ ಸಮಯ ಸಾಲಲಿಲ್ಲ.

ಅಂಚಿನಲ್ಲಿ ಬರಹವಿದ್ದು ಚಿತ್ರವೇ ಇಲ್ಲದಿದ್ದರೆ ರೋಲ್ ಕ್ಯಾಮೆರಾದಲ್ಲಿ ಮುಂದೆ ಸರಿದೇ ಇಲ್ಲ. ಬರಹವೂ ಇಲ್ಲದೆ ಪೂರ್ತಿ ಗಾಜಿನಂತಿದ್ದರೆ ಡೆವಲಪರ್ ಸತ್ತಿತ್ತು, ಇಲ್ಲವೇ ಬಾಟಲಿ ಅದಲುಬದಲಾಗಿ ಫಿಕ್ಸರ್ ಮೊದಲು ಹೋಗಿದೆ. ಪೂರ್ತಿ ಕಪ್ಪಾಗಿದ್ದರೆ ಎಲ್ಲೋ ಬೆಳಕು ಬಿದ್ದಿದೆ. ಮಬ್ಬು ಮಬ್ಬಾಗಿ ಹಾಲುಬಿಳುಪು ಉಳಿದಿದ್ದರೆ ಗಾಬರಿ ಬೇಡ, ಫಿಕ್ಸ್ ಸಾಲಲಿಲ್ಲ ಅಷ್ಟೇ. ಹೊಸ ಫಿಕ್ಸರಿಗೆ ಮತ್ತೆ ಹಾಕಿ, ಮತ್ತೆ ತೊಳೆಯಿರಿ. ಉಗುರಿನ ಗುರುತಿನಂಥ ಅರ್ಧಚಂದ್ರ ಕಂಡರೆ ಸುರುಳಿಗೆ ಹತ್ತಿಸುವಾಗ ಫಿಲ್ಮ್ ಮಡಚಿದೆ. ನೆಗೆಟಿವ್‌ನಲ್ಲಿ ದುಂಡನೆಯ ತಿಳಿ ಚುಕ್ಕೆಗಳಿದ್ದರೆ ಟ್ಯಾಂಕ್ ತಟ್ಟುವುದನ್ನು ಮರೆತಿದ್ದೀರಿ. ತೆಳ್ಳಗೆ ನೇರಳೆ ಛಾಯೆ ಉಳಿದರೆ ಇನ್ನೊಂದೆರಡು ನಿಮಿಷ ಫಿಕ್ಸ್ ಮಾಡಿ, ಇನ್ನೊಮ್ಮೆ ತೊಳೆಯಿರಿ.

ಪ್ರಿಂಟ್ ಹಾಕುವುದು ಬೇರೆಯೇ ಲೇಖನದ ವಿಷಯ. ಸದ್ಯಕ್ಕೆ ಮೊಬೈಲಿನಲ್ಲಿ ನೋಡಬೇಕೆಂದರೆ ನೆಗೆಟಿವನ್ನು ಬಿಳಿ ಲೈಟ್ ಪ್ಯಾಡಿನ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದು ಫೋಟೋ ತೆಗೆಯಿರಿ. ಎಡಿಟಿಂಗ್ ಆ್ಯಪಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡುವ ಆಯ್ಕೆ ಇರುತ್ತದೆ. ಮ್ಯಾಕ್ರೋ ಲೆನ್ಸ್ ಇರುವ ಕ್ಯಾಮೆರಾ ಸಿಕ್ಕರೆ ಇನ್ನೂ ಚೆನ್ನ.

ಬಳಸಿದ ದ್ರಾವಣ ಏನು ಮಾಡುವುದು

ಒಂದು ರೋಲಿನ ಡೆವಲಪರ್, ವಿನೆಗರ್ ನೀರನ್ನು ಸಾಕಷ್ಟು ನೀರು ಸೇರಿಸಿ ಒಳಚರಂಡಿಗೆ ಬಿಡಬಹುದು. ಗಿಡಕ್ಕೆ, ಬಾವಿಯ ಪಕ್ಕಕ್ಕೆ, ದನ ನೀರು ಕುಡಿಯುವ ಕಡೆ ಬೇಡ. ಫಿಕ್ಸರಿನಲ್ಲಿ ಮಾತ್ರ ನಿಮ್ಮ ಫಿಲ್ಮಿನಿಂದ ಇಳಿದ ಬೆಳ್ಳಿ ಇರುತ್ತದೆ, ನೀರಿನ ಜೀವಿಗಳಿಗೆ ಅದು ವಿಷ. ಆಯಸ್ಸು ಮುಗಿದ ಫಿಕ್ಸರನ್ನು ಒಂದು ಹಳೆಯ ಪ್ಲಾಸ್ಟಿಕ್ ಬಕೆಟಿಗೆ ಹಾಕಿ, ಅದರಲ್ಲಿ ಸೋಪಿಲ್ಲದ ಸ್ಟೀಲ್ ವುಲ್ ಬಿಡಿ. ತುಕ್ಕು ಹಿಡಿಯುವ ಕಬ್ಬಿಣದ ಎಳೆಯೇ ಬೇಕು, ಪಾತ್ರೆ ತಿಕ್ಕುವ ಹೊಳೆಯುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ಕೆಲಸ ಮಾಡದು. ಗಾಳಿಯಾಡುವ ಕಡೆ ಕೆಲವು ದಿನ ಬಿಟ್ಟರೆ ಕಬ್ಬಿಣ ಕರಗುತ್ತಾ ಬೆಳ್ಳಿ ಕಪ್ಪು ಕೆಸರಾಗಿ ಕೆಳಗಿಳಿಯುತ್ತದೆ. ಸೋಸಿ, ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಒಂದೆರಡು ಲೀಟರಿನ ಬೆಳ್ಳಿಯಿಂದ ಯಾರೂ ಸಾಹುಕಾರರಾಗುವುದಿಲ್ಲ, ಆದರೆ ಚರಂಡಿಗಂತೂ ಹೋಗುವುದಿಲ್ಲ.

1+4 ರ‍್ಯಾಪಿಡ್ ಫಿಕ್ಸರ್ 1 ಲೀಟರಿನಲ್ಲಿ 36 ಚಿತ್ರದ 24 ರೋಲ್ ತನಕ ಆಗುತ್ತವೆ ಎಂದು ಇಲ್‌ಫೋರ್ಡ್ ಹೇಳುತ್ತದೆ. ನೀವು ಕಲಸಿಟ್ಟದ್ದು ಅರ್ಧ ಲೀಟರ್ ಆದರೆ 12. ನೆನಪಿನಲ್ಲಿ ಉಳಿಯುವುದಿಲ್ಲ, ರೋಲ್ ಮುಗಿದಾಗಲೆಲ್ಲ ಬಾಟಲಿಯ ಚೀಟಿಯ ಮೇಲೆ ಪೆನ್ನಿನಿಂದ ಒಂದು ಗೀಟು ಹಾಕಿ.